ನಮ್ಮ ಪಕ್ಷ ಸೋಲುವುದಕ್ಕೆ ನನಗೆ ಗೊತ್ತಿರುವ ಕಾರಣ

ನಮ್ಮ ಪಕ್ಷ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ನೀವು ನಗುತ್ತೀರಿ, ನನಗೆ ಸಿಟ್ಟು ಬರುತ್ತದೆ. ಇಷ್ಟು ತಿಳಿದರೆ ಸಾಕು: ಮುಂಬೈಯ ಅಲ್ಲೊಂದು ಇಲ್ಲೊಂದು ವಾರ್ಡಿನಲ್ಲಿ ಗೆಲ್ಲುತ್ತೇವೆ, ಗುಲಾಲು ಎರಚಿಕೊಂಡು ಮೆರವಣಿಗೆ ಮಾಡುತ್ತೇವೆ, ವಿಧಾನಸಭೆಯ ಚುನಾವಣೆ ಬಂತೆಂದರೆ ರಾಜ್ಯದ ಉದ್ದಗಲಕ್ಕೂ ಮುಗ್ಗರಿಸುತ್ತೇವೆ. ಪ್ರತಿ ಸಲ ಮುಗ್ಗರಿಸಿದ ಮೇಲೆ ಟಿವಿಯಲ್ಲಿ ಕೋಟು ಹಾಕಿದವರು ಕೂತು ಕಾರಣ ಹೇಳುತ್ತಾರೆ. ಜಾತಿ ಲೆಕ್ಕಾಚಾರ ತಪ್ಪಿತು, ಮೈತ್ರಿ ಕೈಕೊಟ್ಟಿತು, ನಾಯಕರಲ್ಲಿ ಒಗ್ಗಟ್ಟಿಲ್ಲ, ಹಳ್ಳಿ ಕಡೆ ಕಾರ್ಯಕರ್ತರೇ ಇಲ್ಲ. ಎಲ್ಲ ನಿಜವೇ ಇರಬಹುದು. ಆದರೆ ಮುಂಬೈಯ ಭಾಂಡುಪ್‌ನ ನಮ್ಮ ಗುಡ್ಡದ ಚಾಳುಗಳ, ಅಂದರೆ ಒತ್ತೊತ್ತಾದ ಸಾಲುಮನೆಗಳ, ಮಟ್ಟಿಗೆ ಇನ್ನೊಂದು ಕಾರಣ ಇದೆ. ಅದು ನನಗೊಬ್ಬಳಿಗೇ ಗೊತ್ತು.

ನಾನು ಉಡುಪಿ ಕಡೆಯವಳು. ಗಂಡ ಇಲ್ಲೇ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಹಗಲು ಹೊತ್ತು ಹೋಗದೆ ಪಕ್ಷದ ಆಫೀಸಿಗೆ ಕಾಲಿಟ್ಟವಳು, ಅಲ್ಲೇ ಹದಿನೆಂಟು ವರ್ಷ ಕಳೆದೆ. ವೇದಿಕೆಗೆ ರಂಗೋಲಿ ನಾನೇ ಹಾಕಬೇಕು, ಆರತಿ ತಟ್ಟೆ ನಾನೇ ಹಿಡಿಯಬೇಕು, ಮತದಾರರ ಪಟ್ಟಿಯನ್ನು ಚಾಳಿನ ಪ್ರಕಾರ, ಬಾಗಿಲಿನ ಪ್ರಕಾರ ಜೋಡಿಸಿ ಬರೆಯಬೇಕು. ನನ್ನ ಪಟ್ಟಿಯಲ್ಲಿ ಒಂದು ಹೆಸರು ಆಚೀಚೆ ಆಗುವುದಿಲ್ಲ. ಇಷ್ಟೆಲ್ಲ ಮಾಡಿದ್ದು ಒಂದೇ ಆಸೆಗೆ: ವಾರ್ಡಿನ ಮಹಿಳಾ ಅಧ್ಯಕ್ಷೆ ಆಗಬೇಕು. ಸಂಬಳ ಇಲ್ಲ, ಸಾರಿಗೆ ಖರ್ಚೂ ಇಲ್ಲ. ಮನೆಯ ಬಾಗಿಲ ಮೇಲೆ ಹೆಸರಿನ ಬೋರ್ಡು ಬರುತ್ತದೆ, ಸಭೆಯಲ್ಲಿ ಮೊದಲ ಸಾಲಿನ ಕುರ್ಚಿ ಸಿಗುತ್ತದೆ, ಅಷ್ಟೇ. ಆ ಅಷ್ಟೇ ನನಗೆ ಬೇಕಾಗಿತ್ತು.

ಇನ್ನು ಗುಡ್ಡದ ಇನ್ನೊಬ್ಬಳ ವಿಷಯ. ವಿಜಯಪುರದ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊರಲು ಬಂದವಳು ಈಗ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಬಂದ ಹೊಸತರಲ್ಲಿ ಮರಾಠಿ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ರೇಷನ್ ಕಾರ್ಡಿನ ಅರ್ಜಿ ತುಂಬಿಕೊಟ್ಟವಳು ನಾನು. ಯಾವ ಕಿಟಕಿಯಲ್ಲಿ ನಿಲ್ಲಬೇಕು, ಯಾವ ಸಾಹೇಬ ಊಟಕ್ಕೆ ಎದ್ದರೆ ಮತ್ತೆ ಬರುವುದಿಲ್ಲ, ಎಲ್ಲ ಕಲಿಸಿದವಳು ನಾನು. ಪಕ್ಷದ ಒಂದು ಸಭೆಗೂ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕುರ್ಚಿ ಹಾಕಲು ಹಚ್ಚಿದೆ, ಸಭೆ ಮುಗಿದ ಮೇಲೆ ಕುರ್ಚಿ ತೆಗೆಯಲು ಹಚ್ಚಿದೆ. ಮತ್ತೆ ಬರಲಿಲ್ಲ. ಎದುರು ಪಕ್ಷದವರು ಅವಳನ್ನು ಅದೇ ತರಹದ ಕುರ್ಚಿಯಲ್ಲಿ ಕೂರಿಸಿದರು.

ಅಲ್ಲಿಂದ ನನ್ನ ಹೊಟ್ಟೆ ಉರಿಯಲು ಶುರುವಾದದ್ದು ಇನ್ನೂ ನಿಂತಿಲ್ಲ. ಅವಳಿಗೆ ಪಟ್ಟಿ ಬೇಡ. ಬೆಳಿಗ್ಗೆ ನೀರು ಬರುವ ಹೊತ್ತಿಗೆ ನಲ್ಲಿಯ ಹತ್ತಿರ ನಿಂತರೆ ಯಾರ ಮನೆಯಲ್ಲಿ ಹೆರಿಗೆ ಹತ್ತಿರ ಬಂತು, ಯಾರ ಮಗಳು ಗಂಡನ ಮನೆಯಿಂದ ವಾಪಸು ಬಂದಳು, ಯಾರಿಗೆ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಬೇಕು, ಎಲ್ಲ ಗೊತ್ತಾಗುತ್ತದೆ. ರೊಟ್ಟಿ ಬಡಿಯುವುದು ಬಿಟ್ಟು ಜೊತೆಗೆ ಹೋಗುತ್ತಾಳೆ. ಹೋಗಿ ಬಂದು ಒಂದು ಫೋಟೋ ಕೂಡ ವಾಟ್ಸಾಪ್ ಗ್ರೂಪಿಗೆ ಹಾಕುವುದಿಲ್ಲ. ನಾನು ಮೆಟ್ಟಿಲು ಹತ್ತಿ ಬಂದರೆ ಹೆಂಗಸರು ನಮಸ್ಕಾರ ಅಂತ ಹೇಳಿ ದಾರಿ ಬಿಡುತ್ತಾರೆ. ಅವಳು ಬಂದರೆ ಸೆರಗು ಹಿಡಿದು ಕೂರಿಸಿಕೊಳ್ಳುತ್ತಾರೆ. ಮೂಗು ಮುರಿಯುವುದಕ್ಕೂ ನನಗೆ ಏನೂ ಸಿಗುತ್ತಿರಲಿಲ್ಲ, ಅದೇ ದೊಡ್ಡ ಸಂಕಟ.

ಸಂಕ್ರಾಂತಿ ಆದ ಮೇಲೆ ಇಲ್ಲಿ ಎಲ್ಲ ಪಕ್ಷದವರೂ ಹೆಂಗಸರಿಗೆ ಹಳದಿ ಕುಂಕು ಇಟ್ಟುಕೊಳ್ಳುತ್ತಾರೆ. ಕರೆದು ಅರಿಶಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಕೈಗೊಂದು ಡಬ್ಬಿಯೋ ಪಾತ್ರೆಯೋ ಕೊಟ್ಟು ಕಳಿಸುವುದು. ಒಂದು ವರ್ಷ ನಮ್ಮದು ಬಹಳ ದೊಡ್ಡದಾಗಿತ್ತು. ಪೆಂಡಾಲು, ಮೈಕು, ಮುಚ್ಚಳದ ಮೇಲೆ ನಾಯಕರ ಮುಖ ಇರುವ ಡಬ್ಬಿ. ನಾಯಕರು ಎರಡು ಗಂಟೆ ತಡವಾಗಿ ಬಂದರು, ಅಷ್ಟು ಹೊತ್ತು ಹೆಂಗಸರು ಎಳ್ಳುಂಡೆ ಮುಖ ನೋಡುತ್ತಾ ಕೂತರು. ನಮ್ಮ ಜೊತೆಗಿರುವ ನನ್ನ ಅತ್ತೆ ವಿಧವೆ, ಆ ದಿನ ಮನೆಯಲ್ಲೇ ಇದ್ದರು. ಬರಬೇಕು ಅಂತ ಅವರೂ ಕೇಳಲಿಲ್ಲ, ಬನ್ನಿ ಅಂತ ನಾನೂ ಹೇಳಲಿಲ್ಲ. ಪದ್ಧತಿ ಇರುವುದೇ ಹಾಗೆ.

ಮುಂದಿನ ವಾರ ಅವಳು ತನ್ನ ಚಾಳಿನ ಅಂಗಳದಲ್ಲಿ ಚಾಪೆ ಹಾಸಿ ಹಳದಿ ಕುಂಕು ಮಾಡಿದಳು. ಸಂಜೆ ನಾನು ಮನೆಗೆ ಬಂದಾಗ ಅತ್ತೆಯ ಹಣೆಯಲ್ಲಿ ಕುಂಕುಮ ಇತ್ತು. ಕೈಯಲ್ಲಿ ಒಂದು ಸ್ಟೀಲ್ ಲೋಟ.

"ಅವಳೇ ಬಂದು ಕೈ ಹಿಡ್ಕೊಂಡು ಕರ್ಕೊಂಡು ಹೋದಳು ಮಾರಾಯ್ತಿ," ಅಂದರು ಅತ್ತೆ. "ನನಗೆಂತಕ್ಕೆ ಅಂತ ಹೇಳಿದೆ. ಕೇಳ್ಲೇ ಇಲ್ಲ. ಗಂಡ ಸತ್ತವರನ್ನೆಲ್ಲ ಎದುರಿನ ಸಾಲಿನಲ್ಲಿ ಕೂರಿಸಿದ್ಳು."

ಅತ್ತೆ ಆ ದಿನ ರಾತ್ರಿ ಊಟಕ್ಕೆ ಎರಡು ತುತ್ತು ಜಾಸ್ತಿ ಉಂಡರು. ನಾನು ನನ್ನ ತಟ್ಟೆ ಎತ್ತಿಕೊಂಡು ತೊಳೆಯಲು ಹೋದೆ. ಅವಳು ಮಾಡಿದ್ದು ಒಳ್ಳೆಯದು ಎಂಬ ಬಗ್ಗೆ ಸಂಶಯವೇ ಇರಲಿಲ್ಲ. ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಇದ್ದ ನನಗೆ ಅದು ಯಾಕೆ ಹೊಳೆಯಲಿಲ್ಲ ಅಂತ ಉರಿ. ನಾಚಿಕೆ ಆಗಬೇಕಾದ ಜಾಗದಲ್ಲೂ ನನಗೆ ಆದದ್ದು ಮತ್ಸರ.

ಅದೇ ವರ್ಷ ದೀಪಾವಳಿಯ ಹೊತ್ತಿಗೆ ವಿಧಾನಸಭೆ ಚುನಾವಣೆ ಬಂತು. ಹಿಂದಿನ ಎರಡು ಸಲವೂ ನಮ್ಮ ಕ್ಷೇತ್ರವನ್ನು ಮೈತ್ರಿಯ ಪಕ್ಷಕ್ಕೆ ಬಿಟ್ಟುಕೊಟ್ಟಿದ್ದರು. ಐದು ವರ್ಷ ನಮ್ಮ ಚಿಹ್ನೆ ತೋರಿಸಿ, ಕಡೆಯ ಹದಿನೈದು ದಿನ ಬೇರೆಯವರ ಚಿಹ್ನೆಗೆ ಕೈ ಮುಗಿಯುವುದು. ಜನ ತಾನೇ ಎಷ್ಟು ಅಂತ ನೆನಪಿಟ್ಟುಕೊಂಡಾರು? ಈ ಸಲ ಮಾತ್ರ ಸೀಟು ನಮಗೇ ಬಂತು. ಆಫೀಸಿನಲ್ಲಿ ಪೇಡೆ ಹಂಚಿದರು.

ನಮ್ಮ ಜಿಲ್ಲಾಧ್ಯಕ್ಷರು ನನ್ನನ್ನು ಒಳಗೆ ಕರೆದರು. ಎದುರು ಪಕ್ಷದಲ್ಲಿ ಅವಳಿಗೆ ಬರಬೇಕಿದ್ದ ಹುದ್ದೆಯನ್ನು ಯಾರೋ ದೊಡ್ಡವರ ನಾದಿನಿಗೆ ಕೊಟ್ಟಿದ್ದಾರಂತೆ, ಅವಳು ಮುನಿಸಿಕೊಂಡಿದ್ದಾಳಂತೆ. ನಾನು ಮನೆಯಿಂದ ತಂದಿದ್ದ ಚಕ್ಕುಲಿಯನ್ನು ಮುರಿಯುತ್ತಾ ಮರಾಠಿಯಲ್ಲಿ ಹೇಳಿದರು: "ಅವಳು ಬಂದರೆ ಗುಡ್ಡ ಪೂರ್ತಿ ನಮ್ಮದು. ಮಹಿಳಾ ಅಧ್ಯಕ್ಷೆ ಮಾಡೋಣ ಅಂತ ಹೇಳಿ. ನೀವಿಬ್ಬರೂ ಕನ್ನಡದವರು, ನೀವೇ ಹೋದರೆ ಚೆನ್ನ."

ಹದಿನೆಂಟು ವರ್ಷದ ನನ್ನ ಆಸೆ ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದು ಹೇಳಿದ್ದರೆ ಅಷ್ಟು ನೋಯುತ್ತಿರಲಿಲ್ಲ. "ಆಯಿತು ಸಾಹೇಬರೇ" ಅಂದೆ.

ಹಬ್ಬದ ತಿಂಡಿಯ ತಟ್ಟೆ ಹಿಡಿದು ಅವಳ ಮನೆಗೆ ಹೋದೆ. ಬಾಗಿಲಲ್ಲೇ ಕಂಡು ಓಡಿ ಬಂದಳು.

"ಬರ್ರಿ ಅಕ್ಕಾರ, ಬರ್ರಿ! ಕುಂಡ್ರಿ. ನಮ್ಮನಿಗೆ ಬಂದು ಎಷ್ಟ ವರ್ಷ ಆತು ನೋಡ್ರಿ."

ಚಹಾ ಮಾಡಿದಳು. ಶೇಂಗಾ ಹೋಳಿಗೆಗೆ ತುಪ್ಪ ಸುರಿದಳು. ಅವಳ ಗಂಡ ನಮಸ್ಕಾರ ಮಾಡಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನಾನು ಬಾಯಿ ಬಿಡುವ ಮೊದಲೇ ಅವಳು ತನ್ನ ದುಃಖ ಬಿಚ್ಚಿದಳು.

"ದುಡಿಯಾಕ ನಾವು ಬೇಕ್ರಿ ಅಕ್ಕಾರ. ಕುರ್ಚಿಗೆ ಅವ್ರ ಮನಿ ಮಂದಿ. ನನಗ ಸಾಕಾಗೇತಿ."

ಹೇಳಿ ನನ್ನ ಮುಖವನ್ನೇ ನೋಡಿದಳು. ಇದಕ್ಕಿಂತ ಒಳ್ಳೆಯ ಹೊತ್ತು ಯಾವುದಿತ್ತು? ನಮ್ಮಲ್ಲಿಗೆ ಬಾ ಅನ್ನುವ ಎರಡು ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಪಕ್ಕದ ಮನೆಯವಳು ಬಾಗಿಲಲ್ಲಿ ತಲೆ ಹಾಕಿ, "ಅಕ್ಕಾ, ನಾಳಿ ದವಾಖಾನಿಗೆ ಬರ್ತೀ ಅಲ್ಲ?" ಅಂದಳು. ಇವಳು "ಹೂಂ, ಮುಂಜಾನಿ ಏಳಕ್ಕ ಸಜ್ಜಾಗು" ಅಂದಳು. ಇವಳ ಬಾಗಿಲ ಮೇಲೆ ನನ್ನ ಪಕ್ಷದ ಬೋರ್ಡು, ನನಗೆ ಸಿಗಬೇಕಾಗಿದ್ದ ಬೋರ್ಡು, ಕಣ್ಣಿಗೆ ಕಟ್ಟಿತು.

"ಎಲ್ಲ ಪಕ್ಷದಲ್ಲೂ ಅದೇ ಮಾರಾಯ್ತಿ," ಅಂದೆ. "ನಮ್ಮಲ್ಲಿ ಎಂತ ಬೇರೆ ಉಂಟಾ? ಇದ್ದಲ್ಲೇ ಇದ್ದರೆ ಮರ್ಯಾದೆಯಾದರೂ ಉಳಿಯುತ್ತದೆ."

ಅವಳು ತಲೆಯಾಡಿಸಿದಳು. ನನ್ನ ತಟ್ಟೆಯನ್ನು ಖಾಲಿ ಕಳಿಸಬಾರದು ಅಂತ ಹೋಳಿಗೆ ತುಂಬಿ ಕೊಟ್ಟಳು. ಗುಡ್ಡ ಇಳಿಯುತ್ತಾ ಸಾಹೇಬರಿಗೆ ಫೋನು ಮಾಡಿ, ಎಷ್ಟು ಹೇಳಿದರೂ ಒಪ್ಪಲಿಲ್ಲ ಅಂದೆ.

ಮತದಾನದ ದಿನ ಶಾಲೆಯ ಹೊರಗಿನ ನಮ್ಮ ಟೇಬಲ್ಲಿನಲ್ಲಿ ಜನವೋ ಜನ. ಕ್ರಮಸಂಖ್ಯೆ ಥಟ್ಟಂತ ಸಿಗುವುದು ನನ್ನ ಪಟ್ಟಿಯಲ್ಲೇ ಅಂತ ಎಲ್ಲರಿಗೂ ಗೊತ್ತು. ನನ್ನ ಕೈಯಿಂದ ಚೀಟಿ ತೆಗೆದುಕೊಂಡು, ನಾಲ್ಕು ಹೆಜ್ಜೆ ಆಚೆ ಬರಿಗೈಯಲ್ಲಿ ನಿಂತಿದ್ದ ಅವಳನ್ನು ಮಾತಾಡಿಸಿ ಒಳಗೆ ಹೋಗುತ್ತಿದ್ದರು. ಮುನಿಸು ಇದ್ದರೂ ಹಿಡಿದ ಕೆಲಸ ಅವಳು ಬಿಟ್ಟಿರಲಿಲ್ಲ. ಸಂಜೆಯ ಹೊತ್ತಿಗೇ ನನಗೆ ಅರ್ಥವಾಗಿತ್ತು.

ಸೋತೆವು. ಬೇರೆ ಕಡೆ ಸಮಸಮ ಇದ್ದದ್ದು ನಮ್ಮ ಗುಡ್ಡದ ಬೂತುಗಳಲ್ಲಿ ಕುಸಿಯಿತು. ರಾಜ್ಯದಲ್ಲೂ ನಮ್ಮ ಕತೆ ಎಂದಿನದೇ. ಆತ್ಮಾವಲೋಕನ ಸಭೆಯಲ್ಲಿ ಒಬ್ಬರು ಮತಯಂತ್ರ ಅಂದರು, ಒಬ್ಬರು ಹಣ ಅಂದರು, ಒಬ್ಬರು ದೆಹಲಿ ಅಂದರು. ಮೂರನೇ ಸಾಲಿನಲ್ಲಿ ಕೂತು ಎಲ್ಲಕ್ಕೂ ಹೂಂಗುಟ್ಟಿದೆ. ಎಷ್ಟೋ ಊರುಗಳಲ್ಲಿ ನನ್ನಂಥವರು ಒಬ್ಬೊಬ್ಬರು ಹೀಗೆ ಹೂಂಗುಟ್ಟುತ್ತಾ ಕೂತಿರಬಹುದು ಅನ್ನಿಸಿತು. ಸೋತ ಪಕ್ಷದಿಂದ ಅರ್ಧ ಜನ ಕಾಲು ಕಿತ್ತ ಮೇಲೆ, ಬೇರೆ ಯಾರೂ ಇಲ್ಲ ಅಂತ ಮಹಿಳಾ ಅಧ್ಯಕ್ಷೆಯ ಹುದ್ದೆ ನನಗೆ ಕೊಟ್ಟರು.

ಬೋರ್ಡು ಹೊಡೆದ ದಿನ ಮೊದಲು ಬಂದವಳು ಅವಳೇ. ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ, ಶೇಂಗಾ ಚಟ್ನಿ. ಅತ್ತೆಯ ಕಾಲಿಗೆ ಬಿದ್ದಳು, ಬೋರ್ಡನ್ನು ಕಣ್ತುಂಬ ನೋಡಿದಳು.

"ಅಕ್ಕಾರ, ಒಂದ್ ಮಾತ ಕೇಳ್ಲೇನ್ರಿ?" ಅಂದಳು. "ದೀಪಾವಳಿಗೆ ಬಂದಿದ್ರಲ್ಲಾ, ಆವತ್ತ ನನ್ನ ನಿಮ್ಮ ಪಕ್ಷಕ್ಕ ಕರಿಯಾಕ ಬಂದೀರಿ ಅಂದ್ಕೊಂಡಿದ್ದೆ. ಅಕ್ಕಾರ ಕರದ್ರ ಹೋಗಾಕಿ ನಾನು ಅಂತ ಗಂಡನ ಮುಂದ ಹೇಳೇ ಬಿಟ್ಟಿದ್ದೆ."

"ಛೆ, ಇಲ್ಲ ಮಾರಾಯ್ತಿ," ಅಂದೆ. "ಹಬ್ಬ ಅಲ್ವಾ, ತಿಂಡಿ ಕೊಡ್ಲಿಕ್ಕೆ ಬಂದದ್ದು."

"ಹೌದಲ್ರಿ," ಅಂತ ನಕ್ಕಳು. "ನಾನೊಬ್ಬಾಕಿ ಹುಚ್ಚಿ. ಅಂಥಾದ್ದಿದ್ರ ನೀವು ನನಗ ಹೇಳದ ಇರ್ತಿದ್ರೇನು?"

ಒಂದು ಎಳೆ ಸಂಶಯವೂ ಇಲ್ಲದೆ ನಂಬಿದಳು. ಅವಳು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತಾ ಬೋರ್ಡಿನ ಕೆಳಗೆ ನಿಂತಿದ್ದೆ. ಹಾಗೆ ಯಾರನ್ನಾದರೂ ನಂಬುವುದು ನನಗೆ ಒಂದು ದಿನಕ್ಕೂ ಬಂದದ್ದಲ್ಲ. ಅದಕ್ಕೂ ಹೊಟ್ಟೆ ಉರಿಯಿತು.