ಡೆಕ್ಕಿಗೆ ಅರ್ಧ ಕಿಲೊ ಬಿಂಬುಳಿ

ಟೈಲ್ಸ್ ಆರಿಸಲು ಹೋದವಳು ಬಿಂಬುಳಿ ಹಿಡಿದುಕೊಂಡು ಮನೆಗೆ ಬಂದೆ ಎಂದರೆ ನೀವು ನಗುತ್ತೀರಿ. ನಗಿ, ನನ್ನ ಗಂಡನೂ ನಕ್ಕಿದ್ದಾರೆ. ಕಾಂದಿವಲಿ ಸ್ಟೇಶನ್ನಿನ ಹೊರಗೆ, ಟೈಲ್ಸ್ ಅಂಗಡಿಯ ಕಡೆಗೆ ತಿರುಗುವ ಮೂಲೆಯಲ್ಲಿ, ಒಬ್ಬ ಮುದುಕಿ ಬಾಳೆಲೆಯ ಮೇಲೆ ಬಿಂಬುಳಿ ರಾಶಿ ಹಾಕಿ ಕೂತಿದ್ದಳು. ಬೆರಳುದ್ದದ ಹಸಿರು ಕಾಯಿ. ಒಂದನ್ನು ಚಿವುಟಿ ಮೂಗಿಗೆ ಹಿಡಿದದ್ದೇ ತಪ್ಪಾಯಿತು, ಕಣ್ಣಲ್ಲಿ ನೀರು ಬಂತು. ಹುಳಿಗೆ ಬಂತು ಎಂದು ಮುದುಕಿಗೆ ಹೇಳಿದೆ. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಅತ್ತೆಯ ನೆನಪಾಗಿತ್ತು.

ನಮ್ಮದು ಕೊನೆಯ ಮಹಡಿಯ ಮನೆ. ಅಡುಗೆಮನೆಯ ಆಚೆ ಒಂದು ತುಂಡು ಟೆರೇಸು. ನಾನು ಹುಟ್ಟಿ ಬೆಳೆದದ್ದು ಭಾಂಡುಪಿನ ಚಾಳಿನ ಒಂದೇ ಕೋಣೆಯಲ್ಲಿ, ಏಳು ಜನರ ನಡುವೆ. ಕಾಲು ಚಾಚಿದರೆ ಯಾರದಾದರೂ ತಲೆಗೆ ತಾಗುತ್ತಿತ್ತು. ಹಾಗಾಗಿ ಆಕಾಶದ ಕೆಳಗೆ ಮರದ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಕು ಎನ್ನುವುದೊಂದು ಹುಚ್ಚು ನನಗೆ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ ಅಲ್ಲಿ ಸಾಗುವಾನಿ ಹಲಗೆ ಹಾಸಿಸಿದೆ. ಕೆಲಸ ಮಾಡಿದವನು ಬಾಗಲಕೋಟೆ ಕಡೆಯ ಮಿಸ್ತ್ರಿ ಹನುಮಪ್ಪ. ಇದಕ್ಕೆ ಡೆಕ್ ಅಂತಾರೆ ಎಂದು ಅತ್ತೆಗೆ ಅವನೇ ಹೇಳಿದ್ದು.

"ಡೆಕ್ ನನಗೆ ಗೊತ್ತಿಲ್ವಾ?" ಎಂದರು ಅತ್ತೆ. "ನಾನು ಬೊಂಬಾಯಿಗೆ ಬಂದದ್ದೇ ಡೆಕ್ಕಿನಲ್ಲಿ ಮಲಗಿಕೊಂಡು."

ಮದುವೆಯಾದ ಹೊಸತರಲ್ಲಿ ಮಂಗಳೂರಿನಿಂದ ಆಗಬೋಟಿನಲ್ಲಿ ಬಂದವರು ಅವರು. ಕೋಣೆಗೆ ದುಡ್ಡಿಲ್ಲದವರಿಗೆಲ್ಲ ಡೆಕ್ಕೇ. ಚಾಪೆ ಬಿಡಿಸಿದಷ್ಟು ಜಾಗ ನಿಮ್ಮದು. ಬೆಳಗಾದರೆ ಹಡಗಿನ ಖಲಾಸಿಗಳು ಸಮುದ್ರದ ನೀರು ಎರಚಿ ಹಲಗೆಗಳನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರಂತೆ. ನಿದ್ದೆಗಣ್ಣಿನಲ್ಲಿದ್ದ ಹೊಸ ಮದುಮಗಳು ಏಳದೆ ಕೂತಾಗ ಒಬ್ಬ ಮುದುಕ ಖಲಾಸಿ ನಗುತ್ತಾ, ಚಾಪೆ ಸುತ್ತಿಕೊಂಡು ಏಳು ತಾಯಿ, ತೊಳೆಯುವವರಿಗೆ ಜಾಗ ಬಿಡಬೇಕು ಎಂದನಂತೆ. ಈ ಕತೆಯನ್ನು ಅತ್ತೆ ನನಗೆ ನೂರು ಸಲವಾದರೂ ಹೇಳಿದ್ದಾರೆ. ನೂರನೆಯ ಸಲವೂ ಆ ಖಲಾಸಿಯ ಮಾತು ಬಂದಾಗ ಅವರಿಗೆ ನಗು ತಡೆಯುತ್ತಿರಲಿಲ್ಲ.

ಮೊದಲ ಮಳೆಗಾಲದಲ್ಲೇ ನನ್ನ ಡೆಕ್ಕಿನ ಬಣ್ಣ ಬಯಲಾಯಿತು. ಹಲಗೆ ಕಪ್ಪಿಟ್ಟಿತು, ಮೂಲೆಯಲ್ಲಿ ಪಾಚಿ ಕಟ್ಟಿತು. ತೊಳಿ ಮಾರಾಯ್ತಿ ಎಂದು ಅತ್ತೆ ದಿನಾ ಹೇಳುವುದು, ನಾಳೆ ತೊಳೀತೇನೆ ಎಂದು ನಾನು ದಿನಾ ಹೇಳುವುದು. ಕೊನೆಗೆ, ಮಳೆ ನಿಂತ ಹೊಸತರಲ್ಲಿ, ಬಟ್ಟೆ ಒಣಗಿಸಲು ಹೋದ ಅತ್ತೆ ಜಾರಿ ಬಿದ್ದು ಎಡಗೈ ಮುರಿದುಕೊಂಡರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ. ಇವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಟೈಲ್ಸಿನವನಿಗೆ ಫೋನು ಮಾಡಿ, ಬರುವ ಸೋಮವಾರ ಬಂದು ಹಲಗೆಗಳನ್ನೆಲ್ಲ ಕಿತ್ತುಹಾಕು ಎಂದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಡೆಕ್ ಇರಲಿ ಎಂದು ಕೇಳಲು ನನಗೆ ಮುಖವಿರಲಿಲ್ಲ.

ಕೇಳಿದವರು ಅತ್ತೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಬಿದ್ದದ್ದು ನಾನು. ಕೀಳುವುದಾ ಬೇಡವಾ ಅಂತ ನಾನು ಹೇಳ್ತೇನೆ. ಸೋಮವಾರದವರೆಗೆ ಸುಮ್ಮನಿರು" ಎಂದರು ಮಗನಿಗೆ.

ಆ ಮಂಗಳವಾರದಿಂದ ನಮ್ಮ ಮನೆಯಲ್ಲಿ ಆಗಬೋಟಿನ ಆಡಳಿತ ಶುರುವಾಯಿತು. ಕಬ್ಬಿಣದ ಮಡಚುವ ಕುರ್ಚಿಯೊಂದನ್ನು ಡೆಕ್ಕಿನ ನಡುವೆ ಹಾಕಿಸಿಕೊಂಡು ಅತ್ತೆ ಕೂತರು. ನಾನು ಸೋಪಿನ ನೀರು ಸುರಿದು ತೆಂಗಿನ ನಾರಿನಲ್ಲಿ ಉಜ್ಜಬೇಕು, ಅದೂ ಮರದ ಎಳೆಯ ಉದ್ದಕ್ಕೆ. ಕೈ ಒಂದಿಷ್ಟು ಅಡ್ಡ ಹೋದರೆ ಕುರ್ಚಿಯಿಂದ ಕೆಮ್ಮು ಕೇಳಿಸುತ್ತಿತ್ತು. ಅರ್ಧ ದಿನ ಉಜ್ಜುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಅತ್ತೆ ಊಟಕ್ಕೆ ಎದ್ದದ್ದೇ ತಡ, ನಾನು ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಸ್ಟೀಲಿನ ಜುಂಗು ತಂದು ತಳ ಹಿಡಿದ ಪಾತ್ರೆಯನ್ನು ತಿಕ್ಕುವ ಹಾಗೆ ತಿಕ್ಕಿದೆ. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಬೆಳಿಗ್ಗೆ ನೋಡಿದರೆ ಸಾಸಿವೆ ಒಗ್ಗರಣೆ ಹಾಕಿದ ಹಾಗೆ ಡೆಕ್ಕಿನ ತುಂಬ ಕಪ್ಪು ಚುಕ್ಕಿ! ಹನುಮಪ್ಪನನ್ನು ಕರೆಸಿದೆವು. ಅವನು ಕುಕ್ಕರುಗಾಲಲ್ಲಿ ಕೂತು ಚುಕ್ಕಿಯೊಂದನ್ನು ಉಗುರಿನಿಂದ ಕೆರೆದು ನೋಡಿದ.

"ಸ್ಟೀಲಿನ ಜುಂಗು ಹಚ್ಚಿ ತಿಕ್ಕೀರೇನ್ರಿ ಅಕ್ಕಾರ? ಹಸೀ ಕಟ್ಟಿಗಿಗೆ ಕಬ್ಬಿಣ ತೋರಸಬಾರದ್ರಿ. ಅದರ ಚೂರು ಒಳಗ ಕುಂತು ಜಂಗು ಹಿಡದಾವ."

ಇನ್ನು ಇಡೀ ಡೆಕ್ಕನ್ನು ಮಷೀನಿನಲ್ಲಿ ಹೆರೆಯಬೇಕು, ಹತ್ತು ದಿನವಾದರೂ ಬೇಕು ಎಂದ. ಸೋಮವಾರಕ್ಕೆ ಉಳಿದದ್ದು ಐದೇ ದಿನ. ನನ್ನ ಮುಖ ನೋಡಿದ ಅತ್ತೆ, ಊರಿನಲ್ಲಿ ಬಟ್ಟೆಗೆ ಹತ್ತಿದ ತುಕ್ಕಿನ ಕಲೆಗೆ ಏನು ಹಾಕುತ್ತಿದ್ದೆವು ಎಂದು ಕೇಳಿದರು. ಚಾಳಿನವಳಾದ ನನಗೇನು ಗೊತ್ತು? "ಬಿಂಬುಳಿ. ಹೋಗಿ ಅರ್ಧ ಕಿಲೊ ತಾ" ಎಂದರು.

ಮೀನಿನ ಸಾರಿಗೆ ಹಾಕುವ ಕಾಯಿ ಮರ ತೊಳೆಯುತ್ತದೆಯೇ? ಹನುಮಪ್ಪ ಮೀಸೆಯಲ್ಲೇ ನಕ್ಕ. ಅತ್ತೆ ಒಂದೇ ಕೈಯಲ್ಲಿ ಕಾಯಿಗಳನ್ನು ಜಜ್ಜಿ ಕೊಟ್ಟರು, ನಾನು ಚುಕ್ಕಿಗಳ ಮೇಲೆ ಹಚ್ಚಿ ಉಜ್ಜಿದೆ. ಕಾಲು ಗಂಟೆಯಲ್ಲಿ ಕಪ್ಪು ಕಂದಾಯಿತು, ಕಂದು ಮಾಯವಾಯಿತು, ಒಳಗಿನ ಸಾಗುವಾನಿ ಜೇನಿನ ಬಣ್ಣದಲ್ಲಿ ಮುಖ ತೋರಿಸಿತು. ಹುಳಿ ಉಳಿಯದ ಹಾಗೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದು, ಮೂರು ದಿನ ಬಿಸಿಲಿಗೆ ಬಿಟ್ಟೆವು. ಹನುಮಪ್ಪ ಪಾಲಿಶ್ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಧೂಳು ಒರೆಸಿ, ನಾಲ್ಕು ಹನಿ ನೀರು ಚಿಮುಕಿಸಿದ. ನೀರು ಮೇಲೆ ನಿಂತರೆ ಮರ ಎಣ್ಣೆಗೆ ಇನ್ನೂ ತಯಾರಿಲ್ಲ ಎಂದರ್ಥ. ನಾವು ಮೂವರೂ ಬಗ್ಗಿ ನೋಡಿದೆವು. ಮರ ಹನಿಗಳನ್ನು ಗಟಗಟ ಕುಡಿಯಿತು. ಕುಡೀತ್ರೀ ಅಮ್ಮಾರ ಎಂದು ಹನುಮಪ್ಪ ಬಿಂಬುಳಿಯ ಸಿಪ್ಪೆಗೆ ಕೈಮುಗಿದ.

ಇನ್ನೇನು ಎಣ್ಣೆ ಹಚ್ಚಬೇಕು ಎಂದು ಅತ್ತೆಯ ಕುರ್ಚಿ ಎತ್ತಿದರೆ ಅದರ ಬುಡದಲ್ಲಿ ನಾಲ್ಕು ಕಪ್ಪು ಗುರುತು! ಕಾಲಿನ ರಬ್ಬರು ಎಂದೋ ಉದುರಿತ್ತು. ಅವರು ಕೂತಷ್ಟು ದಿನವೂ ಒದ್ದೆ ಮರಕ್ಕೆ ಕಬ್ಬಿಣ ತೋರಿಸಿದ್ದರು. ಬಿಂಬುಳಿ ಮುಗಿದಿತ್ತು. "ಇರಲಿ, ಬರುವ ಸಲ ತೆಗೆಯುವ" ಎಂದು ಅತ್ತೆ ನಾಚಿಕೊಂಡರು. ಗುರುತಿನ ಮೇಲೆಯೇ ಎಣ್ಣೆ ಹಚ್ಚಿದ್ದಾಯಿತು. ಭಾನುವಾರ ಇವರು ಬರಿಗಾಲಲ್ಲಿ ಡೆಕ್ಕಿನ ಮೇಲೆ ಎರಡು ಸುತ್ತು ನಡೆದು, ಒಳಗೆ ಹೋಗಿ, ಟೈಲ್ಸಿನವನಿಗೆ ಬರಬೇಡ ಎಂದರು.

ಆಮೇಲೆ ಪ್ರತಿ ವರ್ಷ ಮಳೆ ನಿಂತ ಕೂಡಲೆ ಇದೇ ಸಂಭ್ರಮ. ಪ್ರತಿ ವರ್ಷವೂ ಅತ್ತೆ ಅದೇ ಕುರ್ಚಿಯಲ್ಲಿ, ಅದೇ ಜಾಗದಲ್ಲಿ. ಪ್ರತಿ ವರ್ಷವೂ ನಾಲ್ಕು ಗುರುತು, ಬರುವ ಸಲ ತೆಗೆಯುವ ಎಂಬ ಅದೇ ಮಾತು.

ಅತ್ತೆ ತೀರಿಕೊಂಡು ಎರಡು ಮಳೆಗಾಲ ಕಳೆದವು. ಎರಡು ವರ್ಷವೂ ನಾನು ಡೆಕ್ ತೊಳೆಯಲಿಲ್ಲ. ತೊಳೆದರೆ ಆ ನಾಲ್ಕು ಗುರುತು ಹೋಗುತ್ತವೆ, ತೊಳೆಯದಿದ್ದರೆ ಮರವೇ ಹೋಗುತ್ತದೆ. ನೋಡಿ ಸಂಕಟಪಡುವುದಕ್ಕಿಂತ ಕಿತ್ತುಹಾಕುವುದೇ ವಾಸಿ ಎಂದು, ಈ ಸಲ ಟೈಲ್ಸ್ ಹಾಕಿಸೋಣ ಎಂದವಳು ನಾನೇ.

ಟೈಲ್ಸ್ ಬಿಟ್ಟು ಮನೆಗೆ ಬಂದವಳು ಅರ್ಧ ಕಿಲೊ ಬಿಂಬುಳಿ ಜಜ್ಜಿ ಡೆಕ್ಕಿನ ಮೇಲೆ ಕೂತೆ. ಬೇರೆಲ್ಲ ಹಲಗೆ ಮುಗಿಯಿತು. ನಾಲ್ಕು ಗುರುತುಗಳ ಮುಂದೆ ಕೈ ನಿಂತಿತು. ಆ ಮುದುಕ ಖಲಾಸಿಯ ಮಾತು ನೆನಪಾಯಿತು, ಅದಕ್ಕೆ ಅತ್ತೆ ನಗುತ್ತಿದ್ದದ್ದೂ. ಚಾಪೆ ಸುತ್ತಿಕೊಂಡು ಎದ್ದಿದ್ದಾರೆ ಅತ್ತೆ, ತೊಳೆಯುವ ಸರದಿ ನನ್ನದು ಎಂದುಕೊಂಡು ಉಜ್ಜಿದೆ, ಎಳೆಯ ಉದ್ದಕ್ಕೆ. ಒಂದೊಂದಾಗಿ ನಾಲ್ಕೂ ಹೋದವು. ಅತ್ತೆ ಹೋದ ದಿನ ಅಷ್ಟು ಅತ್ತಿರಲಿಲ್ಲ ನಾನು.

ಹಿಂದೆ ಸದ್ದಾಯಿತು. ಇವರು ಆ ಹಳೆಯ ಕಬ್ಬಿಣದ ಕುರ್ಚಿ ತಂದು, ಅದೇ ಜಾಗದಲ್ಲಿ ಬಿಡಿಸಿ, ಕೂತು, ಒಂದು ಸಲ ಕೆಮ್ಮಿದರು. ಆಮೇಲೆ ಏನೋ ಹೊಳೆದವರ ಹಾಗೆ ಬಗ್ಗಿ ಕುರ್ಚಿಯ ಕಾಲು ನೋಡಿ, "ಅಯ್ಯೋ, ಹಲಗೆ ಒದ್ದೆ ಉಂಟಲ್ಲ, ಪುನಃ ಕಲೆ ಆಗ್ತದೆ" ಎಂದು ಏಳಲು ಹೊರಟರು.

"ಕೂತ್ಕೊಳ್ಳಿ" ಎಂದೆ. "ಬರುವ ಸಲ ತೆಗೆಯುವ."