ಆ ಹುಡುಗ ಇವನೇನ್ರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಕ್ಕನನ್ನು ನೋಡಲು ಶಹಾಬಾದದಿಂದ ಬಂದವರ ಎದುರು ಮನೆಯ ಮಾನ ತೆಗೆದವನು ನಾನೇ. ಅಣ್ಣನಲ್ಲ. ಅವನು ಮಾನ ತೆಗೆದಾನೆಂಬ ಭಯಕ್ಕೆ ಬೆಳಗ್ಗೆಯೇ ಅವನನ್ನು ವಾಡಿಯ ಸೋದರಮಾವನ ಮನೆಗೆ ಸಾಗಹಾಕಿದ್ದೆವು. ಸಾಗಹಾಕುವ ಉಪಾಯ ಹೇಳಿದವನೂ ನಾನೇ. ಅಕ್ಕನಿಗೆ ನಾಲ್ಕು ಮಂದಿಯಂತೆ ಮಾತಾಡುವುದನ್ನು ಕಲಿಸಲು ಕೂತವನೂ ನಾನೇ. ಇಷ್ಟೊಂದು ಬುದ್ಧಿ ಒಬ್ಬನ ತಲೆಯಲ್ಲೇ ತುಂಬಿದರೆ ಮನೆ ಉಳಿಯುವುದು ಕಷ್ಟ.

ನಾವು ಚಿತ್ತಾಪುರದವರು, ಮೂವರು ಮಕ್ಕಳು. ಅಕ್ಕ ದೊಡ್ಡವಳು, ದಂಡೋತಿಯ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಡುವಿನವನು ಅಣ್ಣ. ಅವನಿಗೆ ಆಟಿಸಂ ಇದೆ. ತನ್ನದೇ ಮಾತು ಅವನಲ್ಲಿ ಕಡಿಮೆ. ಕೇಳಿದ ಮಾತನ್ನು ಕೇಳಿದ ಧಾಟಿಯಲ್ಲೇ ತಿರುಗಿ ಹೇಳುತ್ತಾನೆ. ಹೊರಗೆ ಹೋಗಬೇಕೆನಿಸಿದರೆ ಬಾಗಿಲ ಬಳಿ ನಿಂತು, "ಸೇಡಂ, ಸೇಡಂ, ಲಗೂನ ಹತ್ರಿ" ಎಂದು ಬಸ್ ಕಂಡಕ್ಟರನ ಧ್ವನಿ ತೆಗೆಯುತ್ತಾನೆ. ಕೊನೆಯವನು ನಾನು. ನಾನೂ ಅದೇ ಕಂಡಕ್ಟರನ ಧ್ವನಿ ತೆಗೆಯುತ್ತೇನೆ. ಅವನು ತೆಗೆದರೆ ಲಕ್ಷಣ, ನಾನು ತೆಗೆದರೆ ಕಲೆ. ಮದುವೆಮನೆಯಲ್ಲಿ ನನ್ನನ್ನು ಎಳೆದು ಕೂರಿಸಿ, ಹೆಡ್‌ಮಾಸ್ತರರದು ಮಾಡು, ಪಂಚಾಯ್ತಿ ಮೆಂಬರರದು ಮಾಡು ಎನ್ನುತ್ತಾರೆ. ಅಣ್ಣನನ್ನು ಅದೇ ಮದುವೆಮನೆಯಿಂದ ಊಟಕ್ಕೆ ಮೊದಲೇ ಕರೆತರುತ್ತೇವೆ. ಖರೆ ಹೇಳಬೇಕೆಂದರೆ ಅವನದೇ ಹೆಚ್ಚು ಚೊಕ್ಕ. ನಾನು ಕಲಿತದ್ದೂ ಅವನಿಂದಲೇ, ಮೇಲೊಂದಿಷ್ಟು ಮಸಾಲೆ ಹಾಕಿದೆ ಅಷ್ಟೇ.

ಹೋದ ವರ್ಷ ಸೇಡಂನಲ್ಲಿ ಒಂದು ಶಿಬಿರಕ್ಕೆ ಅವನನ್ನು ಕರೆದುಕೊಂಡು ಹೋಗಿದ್ದೆವು. ಅಲ್ಲಿದ್ದ ಡಾಕ್ಟರ್ ಮೇಡಂ ಅವ್ವನಿಗೆ ಸಮಾಧಾನವಾಗಿ ಹೇಳಿದರು: ಇಂಥ ಮಕ್ಕಳ ಒಡಹುಟ್ಟಿದವರಲ್ಲಿ ಕೆಲವರಿಗೆ ಆಟಿಸಂ ಇರದಿದ್ದರೂ ಅದರ ಒಂದೆರಡು ಗುಣ ತೆಳುವಾಗಿ ಇರಬಹುದು, ಅದೇನೂ ರೋಗವಲ್ಲ, ಹೆದರಬೇಡಿ. ಅವ್ವ "ರೋಗವಲ್ಲ" ಮತ್ತು "ಹೆದರಬೇಡಿ" ಎರಡನ್ನೂ ಸೇಡಂನಲ್ಲೇ ಬಿಟ್ಟು, ಉಳಿದದ್ದನ್ನು ಮಾತ್ರ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ಅಂದಿನಿಂದ ನಮ್ಮಿಬ್ಬರಿಗೆ ನೆಮ್ಮದಿಯಿಲ್ಲ.

ಅನ್ನಕ್ಕೆ ಪಲ್ಯ ತಾಗಬಾರದೆಂದು ನಾನು ತಟ್ಟೆಯಲ್ಲಿ ದೂರ ಸರಿಸಿದರೆ, ಅವ್ವ ಸೌಟು ಹಿಡಿದು ನಿಂತು ನೋಡುತ್ತಾಳೆ. "ಇದೂ ಅದೇ ಏನು?" ಕುಕ್ಕರ್ ಸೀಟಿ ಹೊಡೆದಾಗ ಕಿವಿ ಮುಚ್ಚಿಕೊಂಡರೆ, "ಇದೂ ಅದೇ ಏನು?" ಅಕ್ಕನ ಪಾಡು ಇನ್ನೂ ಕಷ್ಟ. ಅವಳು ನೆಲದ ಕಲ್ಲುಗಳ ಸಂದಿಯ ಮೇಲೆ ಕಾಲಿಡುವುದಿಲ್ಲ, ಚಿಕ್ಕವಳಿದ್ದಾಗಿನಿಂದಲೂ. ಯಾರಾದರೂ "ಅರಾಮ ಇದ್ದೀಯೇನವ್ವ" ಎಂದರೆ, ನಿಂತು ಯೋಚಿಸಿ, ಎಡ ಮೊಣಕಾಲಿನಿಂದ ಶುರುಮಾಡಿ ಉತ್ತರ ಹೇಳುತ್ತಾಳೆ. ಕೇಳಿದವರು ಆಗಲೇ ಓಣಿಯ ತಿರುವು ದಾಟಿರುತ್ತಾರೆ.

ಒಂದು ದಿನ ರೇಗಿ ಕೇಳಿಯೇಬಿಟ್ಟೆ. "ಅವ್ವ, ಅಪ್ಪ ಆ ಒಂದ ಖುರ್ಚಿ ಬಿಟ್ಟು ಇನ್ನೊಂದರ ಮ್ಯಾಲ ಕುಂತದ್ದು ನೋಡೀಯೇನು? ಯಾರರ ಕುಂತಿದ್ರ ಎಬ್ಬಿಸ್ತಾನ. ಅದೇನು ಮತ್ತ?"

"ಅದು ಗಂಡಸರ ಹಟ," ಎಂದಳು ಅವ್ವ. "ಅದಕ್ಕ ಡಾಕ್ಟರ್ ಇಲ್ಲ."

ಅಪ್ಪ ಅದೇ ಖುರ್ಚಿಯಲ್ಲಿ ಕೂತು ಪೇಪರ್ ತಿರುವಿದ.

ಅವ್ವನ ಭಯಕ್ಕೆ ಕಾರಣವಿತ್ತು. ಅಕ್ಕನಿಗೆ ಚಿಂಚೋಳಿಯಿಂದ ಬಂದಿದ್ದ ಒಂದು ಸಂಬಂಧ, ಅಣ್ಣನನ್ನು ನೋಡಿದ ಮೇಲೆ ಮುರಿದುಬಿದ್ದಿತ್ತು. ಆ ಹುಡುಗ ಅಕ್ಕನಿಗೂ ಸೇರಿರಲಿಲ್ಲ. ಶಹಾಬಾದದ ಹುಡುಗನ ಮಾತು ಬೇರೆ. ಅವನು ಅಲ್ಲಿ ಕರೆಂಟಿನ ಆಫೀಸಿನಲ್ಲಿದ್ದ. ಫೋನಿನಲ್ಲಿ ಒಮ್ಮೆ ಮಾತಾಡಿದ ಮೇಲೆ ಅಕ್ಕ ಹೊರಗೆ ಬಂದು, "ಕೇಳಿದಷ್ಟಕ್ಕ ಉತ್ತರ ಕೊಡ್ತಾನ. ನಂಗ ಸಾಕು" ಎಂದಿದ್ದಳು. ನಮ್ಮಕ್ಕನ ಬಾಯಲ್ಲಿ ಅದು ಪ್ರೇಮದ ಮಾತು. ಈ ಸಂಬಂಧ ತಪ್ಪಬಾರದೆಂದು ಮನೆಯವರೆಲ್ಲ ಉಸಿರು ಬಿಗಿಹಿಡಿದರು. ನಾನು ಗುರುವಾದೆ.

"ಯಾರರ ಅರಾಮೇನು ಅಂದ್ರ, ಅರಾಮ್ರಿ, ನೀವು? ಅನ್ನು. ಮೊಣಕಾಲಿನ ಸುದ್ದಿ ತೆಗೀಬ್ಯಾಡ."

"ಮೊಣಕಾಲು ನೋಯ್ಲಿಕತ್ತದಲ್ಲ?"

"ನೋಯ್ಲಿ. ಆದ್ರೂ ಅರಾಮ."

"ಅದು ಸುಳ್ಳು."

"ಸುಳ್ಳಲ್ಲಕ್ಕ, ಅದು ರಿವಾಜು."

ಅವಳು ನನ್ನನ್ನು ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವಂತೆ ನೋಡಿದಳು. ಮಾತಾಡುವಾಗ ಅವಳ ಕಣ್ಣು ಗೋಡೆ ಕಡೆ ಹೋಗುತ್ತದೆ. ಅದಕ್ಕೂ ಉಪಾಯ ಹೇಳಿದೆ. "ಅವರ ಹಣಿ ಮ್ಯಾಲಿನ ವಿಭೂತಿ ನೋಡು. ಅವರಿಗೆ ಕಣ್ಣು ನೋಡಿದಂಗ ಕಾಣ್ತದ. ಪ್ರಶ್ನಾ ಕೇಳಿದ್ರ ಮನಸಿನಾಗ ಮೂರು ಎಣಿಸು, ಸಣ್ಣಗ ನಗು, ಆಮ್ಯಾಲ ಹೇಳು." ಇಷ್ಟೂ ಬರೆದುಕೊಂಡಳು. ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಅಣ್ಣನ ಬಗ್ಗೆ ಕೇಳಿದರೆ, ಊರಿಗೆ ಹೋಗಿದ್ದಾನೆ, ಕೆಲಸವಿತ್ತು ಎನ್ನು ಎಂದಿದ್ದೆ. "ಕೇಳದಿದ್ರ ಸುಮ್ನಿರ್ತೀನಿ. ಕೇಳಿದ್ರ ಇದ್ದದ್ದು ಹೇಳ್ತೀನಿ," ಎಂದಳು.

ಭಾನುವಾರ ಬಂದರು: ಹುಡುಗ, ಅವನ ತಾಯಿ, ಅವನ ಸೋದರತ್ತೆ. ಶರಣ್ರಿ ಶರಣ್ರಿ ಆಯಿತು. ತಾಯಿ ಹೆಚ್ಚು ಮಾತಿನವರಲ್ಲ. ಆ ಖಾತೆಯನ್ನೂ ಸೋದರತ್ತೆಯೇ ನೋಡಿಕೊಳ್ಳುತ್ತಿದ್ದರು. ಅಕ್ಕ ಚಹಾದ ತಟ್ಟೆ ಹಿಡಿದು, ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ, ಸಂದಿ ತಪ್ಪಿಸಿ ಬಂದಳು. ಅವ್ವ ಕಣ್ಣು ಮುಚ್ಚಿಕೊಂಡಳು. ನಾನು ಅಕ್ಕನ ಪಕ್ಕದಲ್ಲೇ ಕೂತೆ, ಮರೆತರೆ ನೆನಪು ಮಾಡಿಕೊಡಲು.

"ಅರಾಮೇನವ್ವ?" ಎಂದರು ಅತ್ತೆ.

ಅಕ್ಕ ಅವರ ಹಣೆಯನ್ನೇ ದಿಟ್ಟಿಸಿದಳು. ಎಣಿಸುತ್ತಿದ್ದಾಳೆಂದು ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಹಣೆಗೆ ಏನೋ ಅಂಟಿದೆ ಎಂದುಕೊಂಡು ಸೆರಗಿನಿಂದ ಒರೆಸಿಕೊಂಡರು. ವಿಭೂತಿ ಅಳಿಸಿಹೋಯಿತು. ನೋಡಲು ಇದ್ದ ಗುರುತೇ ಹೋದ ಮೇಲೆ ಅಕ್ಕ ಕಕ್ಕಾಬಿಕ್ಕಿಯಾದಳು, ನಗು ಬರಲೇ ಇಲ್ಲ.

"ಯಾವ ಸಾಲ್ಯಾಗ ಕಲಸ್ತಿಯವ್ವ?" ಅತ್ತೆ ಇನ್ನೊಂದು ಕೇಳಿದರು.

ಅಕ್ಕ ಮತ್ತೆ ಒಂದರಿಂದ ಶುರುಮಾಡಿದಳು. ನನಗೆ ತಡೆಯಲಾಗಲಿಲ್ಲ. ಮೊಣಕೈಯಿಂದ ತಿವಿದು, "ಯಾವ ಸಾಲ್ಯಾಗ ಕಲಸ್ತಿಯವ್ವ," ಎಂದು ಮೆಲ್ಲಗೆ ಪ್ರಶ್ನೆ ದಾಟಿಸಿದೆ. ದಾಟಿಸಿದ್ದು ನನ್ನ ಧ್ವನಿಯಲ್ಲಾದರೂ ಆಗಬಾರದಿತ್ತೇ? ಆ "ಅವ್ವ"ದ ಎಳೆತ, ಮೂಗಿನ ಗುಂಯ್, ಎಲ್ಲ ಸಮೇತ ಅತ್ತೆಯ ಧ್ವನಿಯಲ್ಲೇ ಬಂತು. ನಾಲಿಗೆ ನನ್ನದಾದರೂ ಅದರ ಮೇಲೆ ನನಗೆ ಅಧಿಕಾರವಿಲ್ಲ.

ಅತ್ತೆ ಚಹಾ ಕೆಳಗಿಟ್ಟರು. "ಇವ ಯಾರು?"

"ಇವ ಯಾರು," ಎಂದಿತು ನನ್ನ ಬಾಯಿ.

ಅವರ ಮುಖ ಮೆತ್ತಗಾಯಿತು. ಈ ಮನೆಯಲ್ಲಿ ಒಬ್ಬ ಮಗ ಆಡಿದ್ದನ್ನೇ ಆಡುತ್ತಾನೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ತಟ್ಟೆ ನನ್ನ ಕಡೆ ಸರಿಸಿ, ಕಿವುಡರೊಡನೆ ಮಾತಾಡುವಂತೆ ಒಂದೊಂದೇ ಅಕ್ಷರ ಬಿಡಿಸಿ, "ತಮ್ಮಾ, ಬಿಸ್ಕೀಟ್ ತಿಂತೀ?" ಎಂದರು.

ಗಾಬರಿಯಲ್ಲಿ ತಗೊಂಡೆ. ಕೈಗೆ ಬಂದ ಬಿಸ್ಕೀಟನ್ನು ನಾನು ಹೇಗೆ ತಿನ್ನುತ್ತೇನೆ ಎಂದು ಮನೆಯವರಿಗೆ ಗೊತ್ತು: ಮೊದಲು ಸುತ್ತಲ ಹಲ್ಲುಹಲ್ಲಿನ ಅಂಚು, ಒಂದನ್ನೂ ಬಿಡದೆ, ಇಲಿಯಂತೆ, ಆಮೇಲೆ ನಡುವಿನದು. ಎರಡನೇ ಮಗ್ಗುಲಿಗೆ ಬಂದಾಗ ತಲೆಯೆತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವ್ವನ ತುಟಿ ಸದ್ದಿಲ್ಲದೆ ಅಲ್ಲಾಡಿತು: ಇದೂ ಅದೇ.

ಅತ್ತೆ ಅಪ್ಪನ ಕಡೆ ಬಾಗಿದರು. "ಆ ಹುಡುಗ ಇವನೇನ್ರಿ? ಪಾಪ, ನೋಡಾಕ ಭಾಳ ಚಂದ ಇದ್ದಾನ."

ಒಂದು ಗಳಿಗೆ ನನಗೆ ಆಸೆಯಾಯಿತು, ಸುಳ್ಳಲ್ಲ. ಹೌದೆಂದು ತಲೆಯಾಡಿಸಿದರೆ ಎಲ್ಲ ಮುಗಿಯುತ್ತದೆ, ಅಣ್ಣನ ಕಡತವೂ ನನ್ನದರಲ್ಲೇ ಸೇರಿ ಮುಚ್ಚಿಹೋಗುತ್ತದೆ. ಅಪ್ಪನಿಗೂ ಅದೇ ಯೋಚನೆ ಬಂದಿರಬೇಕು, ಗಂಟಲು ಸರಿಮಾಡಿಕೊಂಡ. ಆದರೆ ಪ್ರಶ್ನೆ ಅಕ್ಕನ ಕಿವಿಗೂ ಬಿದ್ದಿತ್ತು, ಅದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು.

"ಅಲ್ರಿ," ಎಂದಳು. "ಇವ ಕಡೀ ತಮ್ಮ. ಇವಂಗ ಏನೂ ಇಲ್ಲ, ಬರೇ ಉಡಾಳ. ಆ ತಮ್ಮ ವಾಡ್ಯಾಗ ಇದ್ದಾನ, ಮಾಮಾನ ಮನ್ಯಾಗ. ನೀವು ಬರ್ತೀರಂತ ಕಳಿಸ್ಯಾರ. ಅಂವ ಅಲ್ಲಿ ಹೊಸ ಹಾಸಿಗ್ಯಾಗ ನಿದ್ದಿ ಮಾಡಂಗಿಲ್ಲ, ಸಂಜೀಗೆ ಕರಕೊಂಡು ಬರಬೇಕು. ಮತ್ತ ನನ್ನ ಮೊಣಕಾಲು ನೋಯ್ಲಿಕತ್ತದ್ರಿ, ಅರಾಮ ಇಲ್ಲ. ಸಾಲಿ ದಂಡೋತ್ಯಾಗ."

ಬಾಕಿ ಉಳಿದ ಉತ್ತರಗಳನ್ನೆಲ್ಲ ಒಟ್ಟಿಗೆ ಒಪ್ಪಿಸಿ ಕೂತಳು. ನನ್ನ ಒಂದು ವಾರದ ಪಾಠ ನೀರಲ್ಲಿ ಹೋಯಿತು.

ಅಲ್ಲಿಯವರೆಗೆ ಬಾಯಿ ತೆರೆಯದಿದ್ದ ಹುಡುಗ ಆಗ ತೆರೆದ. "ಕಳಿಸಬಾರದಿತ್ರಿ," ಎಂದ ಅಪ್ಪನಿಗೆ. ಅಷ್ಟೇ. ಅಪ್ಪ ನನ್ನ ಕಡೆ ನೋಡಿದ. ನಾನು ಉಳಿದ ಅರ್ಧ ಬಿಸ್ಕೀಟ್ ನೋಡಿದೆ.

ಸೋದರತ್ತೆ ಅಷ್ಟು ಸುಲಭಕ್ಕೆ ಬಿಡುವವರಲ್ಲ. ನನ್ನನ್ನು ನೋಡಿದರು, ಅಕ್ಕನ ಕಾಲ ಕೆಳಗಿನ ಕಲ್ಲಿನ ಸಂದಿ ನೋಡಿದರು, ಲೆಕ್ಕ ಹಾಕಿದರು. "ಇದ್ದದ್ದು ಹೇಳ್ದಿ, ಚಲೋ ಆತು," ಎಂದರು. "ಒಬ್ಬವಂಗ ಪೂರಾ ಅದ. ಇವನ ಉಡಾಳತನ ನಾ ಈಗ ನೋಡ್ದೆ. ನಿಂದೂ ಸ್ವಲ್ಪ ಕಾಣ್ಲಿಕತ್ತದ. ರಕ್ತದಾಗ ಇದ್ದದ್ದು ಎಲ್ಲಿಗೆ ಹೋಗ್ತದ? ನಾಳಿಗೆ ನಿನಗ ಹುಟ್ಟೋ ಕೂಸೂ ಹಂಗ ಆದ್ರ?"

ನನ್ನಲ್ಲಿ ಊರವರೆಲ್ಲರ ಧ್ವನಿ ಇದೆ. ಆ ಹೊತ್ತಿಗೆ ಉತ್ತರ ಹೇಳಬಲ್ಲ ಒಂದೂ ಸಿಗಲಿಲ್ಲ. ಶಹಾಬಾದದವರು ಆ ಪ್ರಶ್ನೆಯನ್ನು ಆಮೇಲೆ ಎಂದೂ, ನಿಶ್ಚಯಕ್ಕೆ ಬಂದ ದಿನವೂ, ಮತ್ತೆ ಎತ್ತಲಿಲ್ಲ. ಎತ್ತಲು ಅಕ್ಕ ಏನೂ ಉಳಿಸಿರಲಿಲ್ಲ.

"ಆದ್ರ ಆಗ್ಲಿರಿ," ಎಂದಿದ್ದಳು ಅಂದೇ, ಅತ್ತೆಗೆ. "ನಂಗ ರೂಢಿ ಅದ. ರೂಢಿ ಮಾಡ್ಕೋಬೇಕಾದವರು ನೀವು."