ಬಿಳಿ ಐದರಿಂದ ಬಿಳಿ ಮೂರಕ್ಕೆ

ನವೆಂಬರ್ ಬಂತೆಂದರೆ ನನಗೂ ಸ್ವಲ್ಪ ಬೆಲೆ ಬರುತ್ತದೆ. ಉಳಿದ ಹನ್ನೊಂದು ತಿಂಗಳು ನಾನು ಹುಣಸೂರಿನ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಸಂತೆಯಲ್ಲಿ ಎದುರಾದ ಹಳೆಯ ಶಿಷ್ಯರು, ಎಲ್ಲಿ ಮಗ್ಗಿ ಕೇಳಿಬಿಡುತ್ತೇನೋ ಎಂಬಂತೆ ಬೆಂಡೆಕಾಯಿ ಆರಿಸುವುದರಲ್ಲಿ ಮುಳುಗಿಬಿಡುತ್ತಾರೆ. ನವೆಂಬರಿನಲ್ಲಿ ಮಾತ್ರ ಆಟೋ ನಿಲ್ದಾಣದಿಂದ ಹಿಡಿದು ಮಹಿಳಾ ಸಂಘದವರೆಗೆ ಎಲ್ಲರಿಗೂ ರಾಜ್ಯೋತ್ಸವ ಮಾಡಬೇಕು. ರಾಜ್ಯೋತ್ಸವಕ್ಕೆ ಹಾಡು ಬೇಕು, ಹಾಡಿಗೆ ಹಾರ್ಮೋನಿಯಂ ಬೇಕು. ಹಾರ್ಮೋನಿಯಂ ತಾನಾಗಿ ನಡೆದು ಬರುವುದಿಲ್ಲವಾದ್ದರಿಂದ ನಾನೂ ಬೇಕು.

ಈ ವಾದ್ಯದ ಬಗ್ಗೆ ನನಗೆ ಭ್ರಮೆಯೇನೂ ಇಲ್ಲ. ಸಂಗೀತ ಬಲ್ಲವರು ಇದನ್ನು ಎಂದೂ ಪೂರ್ತಿ ಒಳಗೆ ಬಿಟ್ಟುಕೊಂಡಿಲ್ಲ. ಹಡಗು ಹತ್ತಿ ಬಂದ ಪೆಟ್ಟಿಗೆ, ಎರಡು ಸ್ವರಗಳ ನಡುವೆ ಏನಿದೆ ಎಂಬುದು ಇದಕ್ಕೆ ತಿಳಿಯದು, ಗಮಕದ ಗಂಧವೇ ಇಲ್ಲ ಎಂಬುದು ಅವರ ದೂರು. ದೂರು ನಿಜ. ಆದರೆ ಮನುಷ್ಯರಲ್ಲೂ ಅಂಥವರು ಬಹಳ ಜನ ಇದ್ದಾರೆ, ಅವರ ಸಂಸಾರವೂ ನಡೆಯುತ್ತಿದೆ. ಹಾರ್ಮೋನಿಯಂನ ಕಪ್ಪು ಬಿಳಿ ಪಟ್ಟಿಗಳಿಗೆ ನಾವು ಮನೆ ಎನ್ನುತ್ತೇವೆ. ಹಾಡುವವರು ಯಾವ ಮನೆಯಲ್ಲಿ ಷಡ್ಜ ಇಟ್ಟುಕೊಳ್ಳುತ್ತಾರೋ ಅದು ಅವರ ಶ್ರುತಿ. ಇಪ್ಪತ್ತು ವರ್ಷಗಳಿಂದ ನಮ್ಮದು ಬಿಳಿ ಐದನೆಯ ಮನೆ. ನನ್ನ ಬೆರಳುಗಳಿಗೆ ಬೇರೆ ವಿಳಾಸವೇ ಗೊತ್ತಿಲ್ಲ.

ನಮ್ಮದು ಎಂದರೆ ಮೂವರದು. ತಬಲಕ್ಕೆ ರಿಯಾಜ್. ಹೆಸರೇ ರಿಯಾಜ್ ಆದರೂ ರಿಯಾಜ್, ಅಂದರೆ ಅಭ್ಯಾಸ, ಮಾಡಲು ಅವನಿಗೆ ಪುರುಸೊತ್ತಿಲ್ಲ. ಬಾಗಿಲು, ಕಿಟಕಿ, ಮಂಚ ಮಾಡುವ ಬಡಗಿ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹಾಡುವವಳು ಪುಟ್ಟಲಕ್ಷ್ಮಮ್ಮ, ನಮಗೆಲ್ಲ ಪುಟ್ಟಕ್ಕ. ಹಾರನಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ನಾನು ಅಲ್ಲಿ ಮೇಷ್ಟ್ರಾಗಿದ್ದಾಗ ಒಂದು ದಿನ ಅವಳು ಸಾರು ತಿರುವುತ್ತಾ ಹಾಡಿಕೊಳ್ಳುತ್ತಿದ್ದುದು ನನ್ನ ತರಗತಿಗೆ ಕೇಳಿಸಿತು. ನಾನು ಕಪ್ಪುಹಲಗೆಯ ಮೇಲೆ ಬಿಡಿಸುತ್ತಿದ್ದ ಲೆಕ್ಕ ಅಲ್ಲಿಗೇ ನಿಂತಿತು. ಮಕ್ಕಳು ಇವತ್ತಿಗೂ ಅದರ ಉತ್ತರ ಕೇಳಿಲ್ಲ.

ಕಳೆದ ಆಷಾಢದಲ್ಲಿ ಪುಟ್ಟಕ್ಕನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಭಯಪಡುವಂಥದ್ದೇನಲ್ಲ ಎಂದು ವರದಿ ಬಂದ ದಿನ ರಿಯಾಜ್ ಅಂಗಡಿ ಮುಚ್ಚಿ ನನ್ನ ಮನೆಗೆ ಬಂದು, ಎರಡು ಲೋಟ ಕಾಫಿ ಕುಡಿದು ಹೋಗಿದ್ದ. ಡಾಕ್ಟರು ಅವಳಿಗೆ ಹೇಳಿದ್ದು ಇಷ್ಟು: ದನಿ ಬರುತ್ತದೆ, ಮೊದಲಿನಂತೆಯೇ ಬರುತ್ತದಾ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಇಂಥ ಸ್ಥಿತಿಯಲ್ಲಿ ಈ ನವೆಂಬರ್ ಬಂತು, ಒಂದೇ ವಾರದಲ್ಲಿ ನಾಲ್ಕು ಕಾರ್ಯಕ್ರಮ ಹೊತ್ತುಕೊಂಡು. ಭಾನುವಾರ ಹುಣಸೂರು, ಮಂಗಳವಾರ ಬೆಟ್ಟದಪುರ, ಗುರುವಾರ ಕೆ.ಆರ್. ನಗರ, ಶನಿವಾರ ಎಚ್.ಡಿ. ಕೋಟೆ. ಒಪ್ಪಿಕೊಂಡವಳು ಪುಟ್ಟಕ್ಕನೇ. ಮನೆ ಇಳಿಸಿಕೊಳ್ಳೋಣವೇ ಎಂದು ನಾನು ಮೊದಲೇ ಮೆಲ್ಲಗೆ ಕೇಳಿದ್ದೆ. "ಇಳಿಸಿದ್ರೆ ನಾನೂ ಇಳಿದಂಗೆಯಾ ಮೇಷ್ಟ್ರೇ" ಎಂದಳು. ಆಮೇಲೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಭಾನುವಾರ ಆಟೋ ಚಾಲಕರ ಸಂಘದ ಪೆಂಡಾಲಿನಲ್ಲಿ ಪಲ್ಲವಿ ಚೆನ್ನಾಗಿಯೇ ಆಯಿತು. ಚರಣದಲ್ಲಿ ಎತ್ತರದ ತಾರಷಡ್ಜ ಮುಟ್ಟುವ ಜಾಗಕ್ಕೆ ಬಂದಾಗ ದನಿಯ ಬದಲು ಬರೀ ಗಾಳಿ ಬಂತು. ಅವಳು ಬಾಯಿ ತೆರೆದೇ ಇದ್ದಳು. ನಾನು ಆ ಸ್ವರವನ್ನು ಹಾರ್ಮೋನಿಯಂನಲ್ಲಿ ಜೋರಾಗಿ ಒತ್ತಿ ಹಿಡಿದೆ. ರಿಯಾಜ್ ಬೇಡದ ಜಾಗದಲ್ಲಿ ಒಂದು ದೊಡ್ಡ ಮುಕ್ತಾಯ ಬಾರಿಸಿ ಗದ್ದಲ ಮಾಡಿದ. ಅವಳು ನೀರು ಕುಡಿದು, ಉಳಿದದ್ದನ್ನೆಲ್ಲ ಕೆಳಗಿನ ಸ್ವರಗಳಲ್ಲಿ ಮುಗಿಸಿದಳು. ಚಾಲಕರು ಪಾಪ, ಎಂದಿಗಿಂತ ಹೆಚ್ಚೇ ಚಪ್ಪಾಳೆ ತಟ್ಟಿದರು. ಅಂಥ ಚಪ್ಪಾಳೆ ಕೇಳಲು ಬಹಳ ಕಷ್ಟ.

ರಿಯಾಜನ ಓಮ್ನಿ ವ್ಯಾನಿನಲ್ಲಿ ಪಿರಿಯಾಪಟ್ಟಣ ದಾಟಿ ಅವಳನ್ನು ಹಾರನಹಳ್ಳಿಗೆ ಬಿಡಲು ಹೋದೆವು. ಮನೆ ಮುಂದೆ ಇಳಿದು, "ಮಂಗಳವಾರ ಮಕ್ಕಳಿಗೆ ಬತ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಎರಡೇ ಹಾಡು. ಆಮ್ಯಾಕೆ ಬೇರೆ ಯಾರ್ನಾರ ನೋಡ್ಕಳಿ" ಎಂದು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ನಾನು ರಿಯಾಜನ ಅಂಗಡಿಗೆ ಹೋದೆ. ಅವನು ಬಾಗಿಲಿಗೆ ಉಜ್ಜುಗೊರಡು ಹಾಕುತ್ತಿದ್ದ.

"ಅವಳಿಗೆ ಯೋಳದೆ ಮನೆ ಇಳಿಸಿಬುಡಾನಾ?" ಎಂದೆ.

"ಎಲ್ಲಿಗೆ?"

"ಬಿಳಿ ಮೂರಕ್ಕೆ."

ಅವನು ಉಜ್ಜುಗೊರಡು ಕೆಳಗಿಟ್ಟ. "ನಿನಗೇನ್ಲಾ ಮಾದೇವ, ಬೆರಳು ಆ ಕಡೆ ಸರಿಸಿದ್ರೆ ಆಯ್ತು. ನನ್ನ ತಬಲ ಅಷ್ಟು ಇಳಿಸಿದ್ರೆ ತಗಡು ಬಡಿದಂಗೆ ಕೇಳ್ತದೆ. ದೊಡ್ಡ ಬಾಯಿಂದು ಒಂದು ಅಟ್ಟದ ಮೇಲೈತೆ, ಅದನ್ನ ತರಬೇಕು." ಬಾಗಿಲಿನ ಮೇಲಿನ ಹೊಟ್ಟು ಒರೆಸಿದ. "ಅವಳಿಗೆ ಗೊತ್ತಾದ್ರೆ?"

"ಬೈತಾಳೆ."

"ಬೈಲಿ ಬುಡು. ಬೈಯಕ್ಕೂ ದನಿ ಬೇಕಲ್ಲ."

ಬೆರಳು ಸರಿಸಿದರೆ ಆಯಿತು ಎಂದು ಅವನು ಹೇಳಿದ್ದು ಸುಳ್ಳು. ಗಣಿತದಲ್ಲಿ ಒಂದು ಆಕೃತಿಯನ್ನು ಪಕ್ಕಕ್ಕೆ ಜರುಗಿಸಿದರೆ ಅದರ ಗುಣ ಬದಲಾಗುವುದಿಲ್ಲ ಎಂದು ನಾನೇ ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹಾರ್ಮೋನಿಯಂನಲ್ಲಿ ಜರುಗಿಸಿ ನೋಡಿ. ಬಿಳಿ ಇದ್ದಲ್ಲಿ ಕಪ್ಪು ಬರುತ್ತದೆ, ಕಪ್ಪು ಇದ್ದಲ್ಲಿ ಬಿಳಿ ಬರುತ್ತದೆ, ಕಿರುಬೆರಳು ದಾರಿ ತಪ್ಪಿದ ಕುರಿಯಂತೆ ನಿಲ್ಲುತ್ತದೆ. ಮನೆಗಳ ಸಾಲನ್ನೇ ಸರಿಸಿಕೊಳ್ಳುವ ದುಬಾರಿ ಹಾರ್ಮೋನಿಯಂಗಳು ಉಂಟು, ನನ್ನದು ಅಂಥದ್ದಲ್ಲ. ಆ ದಿನವೆಲ್ಲ ಕೂತು ಎಂಟು ಹಾಡುಗಳನ್ನು ಹೊಸ ಮನೆಗೆ ಸಾಗಿಸಿದೆ. ನನ್ನ ಹೆಂಡತಿ ಅಡುಗೆಮನೆಯಿಂದ, "ಯಾಕ್ರೀ, ಇವತ್ತು ಎಲ್ಲಾ ತಪ್ಪು ನುಡಿಸ್ತಿದೀರಿ?" ಎಂದಳು. ಇಷ್ಟು ವರ್ಷ ಎಲ್ಲಾ ಸರಿ ನುಡಿಸುತ್ತಿದ್ದೆ ಎಂದು ಅವಳು ಒಪ್ಪಿಕೊಂಡದ್ದು ಅದೇ ಮೊದಲು.

ಬೆಟ್ಟದಪುರದ ದಾರಿಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡುಗಳ ಘಾಟು. ಪುಟ್ಟಕ್ಕ ಸೆರಗನ್ನು ಮೂಗಿಗೆ ಹಿಡಿದು ಕೂತಿದ್ದಳು. ಶಾಲೆಯ ಅಂಗಳದಲ್ಲಿ ಮಕ್ಕಳು ಗದ್ದಲ ಮಾಡುತ್ತಿದ್ದರು. ನಾನು ಹಾರ್ಮೋನಿಯಂನ ತಿದಿ ಎಳೆದು ಬಿಳಿ ಮೂರರ ಮೇಲೆ ಬೆರಳಿಟ್ಟೆ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗರನ್ನು ಎಷ್ಟೋ ಸಲ ಹಿಡಿದಿದ್ದೇನೆ. ಅವರ ಎದೆ ಹೇಗೆ ಬಡಿದುಕೊಳ್ಳುತ್ತಿತ್ತು ಎಂದು ಅವತ್ತು ತಿಳಿಯಿತು. ಪುಟ್ಟಕ್ಕ ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ನಾನು ಹಾರ್ಮೋನಿಯಂ ಮೇಲಿನ ಧೂಳು ನೋಡಿದೆ. ಅವಳು ಹಾಡಲು ಶುರು ಮಾಡಿದಳು.

ಆ ಚರಣ ಹತ್ತಿರ ಬಂದಾಗ ರಿಯಾಜ್ ಕೈ ಹಗುರ ಮಾಡಿದ. ದನಿ ಮೇಲೆ ಹೋಯಿತು, ಹೋಗಿ ನಿಂತಿತು. ಅದು ಹಳೆಯ ದನಿಯಲ್ಲ. ಹಳೆಯದು ತೆಳ್ಳಗೆ, ನೇರ, ಬೆಳಿಗ್ಗೆ ಕೊಡದಿಂದ ಬಗ್ಗಿಸಿದ ನೀರಿನ ಹಾಗಿತ್ತು. ಇದಕ್ಕೆ ಸ್ವಲ್ಪ ಒರಟುತನ ಇತ್ತು, ತೂಕ ಇತ್ತು, ಕೆಳಗಿನ ಸ್ವರಗಳಲ್ಲಿ ಎಂದೂ ಇರದಿದ್ದ ಒಂದು ಬಿಸಿ ಇತ್ತು. ಗದ್ದಲ ಮಾಡುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು. ಎರಡೇ ಹಾಡು ಎಂದಿದ್ದವಳು ಐದು ಹಾಡಿದಳು. ರಿಯಾಜನ ಕಣ್ಣು ತೇವವಾಗಿತ್ತು. ಹೊಗೆಸೊಪ್ಪಿನ ಘಾಟು ಎಂದ.

ಗುರುವಾರ ಬರುತ್ತೀಯಾ ಎಂದು ನಾವು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಗುರುವಾರ ಓಮ್ನಿ ಹೋಗಿ ನಿಂತಾಗ ಜಡೆ ಹಾಕಿಕೊಂಡು ಸಿದ್ಧವಾಗಿ ಬಾಗಿಲಲ್ಲಿ ನಿಂತಿದ್ದಳು.

ಕೆ.ಆರ್. ನಗರದ ಮಹಿಳಾ ಸಂಘದ ಸಭೆಯಲ್ಲಿ ಹಾಡು ಮುಗಿದ ಮೇಲೆ ವಯಸ್ಸಾದ ಹೆಂಗಸೊಬ್ಬರು ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ನಮ್ಮವ್ವ ಮಾತಾಡ್ದಂಗಾಯ್ತು ಕಣವ್ವ" ಎಂದರು, ಅಷ್ಟೆ. ಇಪ್ಪತ್ತು ವರ್ಷದಲ್ಲಿ ಅವಳ ದನಿಯನ್ನು ಕೋಗಿಲೆ ಎಂದವರಿದ್ದಾರೆ, ಕೊಳಲು ಎಂದವರಿದ್ದಾರೆ. ಅವ್ವ ಎಂದವರು ಇರಲಿಲ್ಲ. ಆಮೇಲೆ ಸಂಘದವರು ಬಡಿಸಿದ ಮುದ್ದೆಯನ್ನು ಅವಳು ಎರಡನೆಯ ಸಲ ಹಾಕಿಸಿಕೊಂಡಳು. ಆಪರೇಷನ್ ಆದಮೇಲೆ ಅವಳು ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ. ನಾನೂ ರಿಯಾಜೂ, ಪತ್ತೆಯಾಗದ ಕಳ್ಳರು ನೋಡಿಕೊಳ್ಳುವ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಜಾಣತನದ ಬಗ್ಗೆ ನಮಗೆ ಬಹಳ ಹೆಮ್ಮೆ ಇತ್ತೆಂದು ಮುಚ್ಚಿಡದೆ ಹೇಳಬೇಕು.

ಆ ಹೆಮ್ಮೆ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಇತ್ತು. ಎಚ್.ಡಿ. ಕೋಟೆಯ ಕಾಲೇಜಿನ ವೇದಿಕೆಯ ಮೇಲೆ ಕೂತು ನಾನು ಎಂದಿನಂತೆ ಹಾರ್ಮೋನಿಯಂ ಮುಚ್ಚಳ ತೆಗೆಯುತ್ತಿದ್ದೆ. ಪುಟ್ಟಕ್ಕ ಮೈಕನ್ನು ಕೈಯಿಂದ ಮುಚ್ಚಿ, ಮೆಲ್ಲಗೆ, "ಬಿಳಿ ಮೂರೇ ಹಿಡೀರಿ ಮೇಷ್ಟ್ರೇ" ಎಂದಳು.

ತಬಲಕ್ಕೆ ಪೌಡರ್ ಹಾಕುತ್ತಿದ್ದ ರಿಯಾಜ್ ಇನ್ನಷ್ಟು ಪೌಡರ್ ಹಾಕಿಕೊಂಡ.

"ನಿನಗೆ ಯಾವಾಗ ಗೊತ್ತಾಯ್ತು?" ಎಂದೆ.

"ಮಂಗಳವಾರವೇಯ. ಇಪ್ಪತ್ತು ವರ್ಷ ಆ ಸ್ವರದ ಮ್ಯಾಲೆ ಕುಂತಿವ್ನಿ, ನೆಲ ಇಳಿದಿದ್ದು ಗೊತ್ತಾಗಕಿಲ್ವಾ?"

"ಮತ್ತೆ ಏನೂ ಅನ್ಲಿಲ್ಲ?"

"ಏನಂತ ಅನ್ಲಿ? ಇಳಿಸಿ ಅಂತ ಬಾಯ್ಬುಟ್ಟು ಕೇಳಕ್ಕೆ ನನ್ಕೈಲಿ ಆಯ್ತಿರ್ನಿಲ್ಲ. ನೀವಾಗಿ ಇಳಿಸಿದ್ರಿ, ಜೀವ ಬಂದಂಗಾಯ್ತು. ಅಂಗೂ ಯೋಳಾನ ಅಂದ್ರೆ, ನೀವಿಬ್ರೂ ಅಷ್ಟು ಮುತುವರ್ಜಿಯಿಂದ ಕಳ್ಳತನ ಮಾಡ್ತಿದ್ರಿ. ಕೆಡಿಸಬಾರ್ದು ಅಂತ ಸುಮ್ಕಿದ್ದೆ."

ಅವಳನ್ನು ನೋಯಿಸಬಾರದೆಂದು ನಾವು ಬಚ್ಚಿಟ್ಟಿದ್ದೆವು. ನಮ್ಮನ್ನು ನೋಯಿಸಬಾರದೆಂದು ಅವಳು ಬಚ್ಚಿಟ್ಟಿದ್ದಳು. ಮೂವರೂ ಸೇರಿ ಐದು ದಿನ ಹೊತ್ತಿದ್ದ ಗಂಟನ್ನು ವೇದಿಕೆಯ ಮೇಲೆ, ಇನ್ನೂರು ವಿದ್ಯಾರ್ಥಿಗಳ ಎದುರು ಇಳಿಸಿದ ಹಾಗಾಯಿತು. ಅವತ್ತು ನಾನು ನುಡಿಸಿದಷ್ಟು ತಪ್ಪು ಜನ್ಮದಲ್ಲಿ ನುಡಿಸಿಲ್ಲ, ಅಷ್ಟು ಸುಖವಾಗಿಯೂ ನುಡಿಸಿಲ್ಲ. ಒಂದು ಹಾಡಿಗೆ ಅವಳು ಇನ್ನೂ ಒಂದು ಮನೆ ಕೆಳಗೆ ಬೇಕೆಂದು ತಾನೇ ಕೇಳಿದಳು. ನಾನು ತಡವರಿಸುತ್ತಾ ಕೊಟ್ಟೆ.

ಊಟ ಮುಗಿಸಿ ಹುಣಸೂರಿನ ರಸ್ತೆ ಹಿಡಿದಾಗ ಮಧ್ಯಾಹ್ನದ ಇಳಿಬಿಸಿಲು. ಎರಡೂ ಕಡೆ ಹತ್ತಿಯ ಹೊಲಗಳು ಬೆಳ್ಳಗೆ ಒಡೆದು ನಿಂತಿದ್ದವು. ವಾದ್ಯಗಳೆಲ್ಲ ಹಿಂದುಗಡೆ ಗಂಟು ಮೂಟೆ ಕಟ್ಟಿಕೊಂಡು ಮಲಗಿದ್ದವು. ಪುಟ್ಟಕ್ಕ ಕಿಟಕಿಯ ಕಡೆ ಮುಖ ಮಾಡಿ ಏನನ್ನೋ ಗುನುಗತೊಡಗಿದಳು. ಗಾಡಿ ಓಡಿಸುತ್ತಿದ್ದ ರಿಯಾಜ್ ಅದಕ್ಕೆ ಸೇರಿಕೊಂಡ. ಎಂದೂ ಹಾಡದ ನಾನೂ ಬಾಯಿ ಹಾಕಿದೆ. ಮೂವರದೂ ಮೂರು ಶ್ರುತಿ, ಒಂದಕ್ಕೊಂದು ನೆಂಟಸ್ತಿಕೆಯಿಲ್ಲ. ಬಲ್ಲವರು ಕೇಳಿದ್ದರೆ ಗಾಡಿಯಿಂದ ಇಳಿದು ನಡೆದುಕೊಂಡು ಹೋಗುತ್ತಿದ್ದರು. ರಿಯಾಜ್ ಕಣ್ಣು ಅರ್ಧ ಮುಚ್ಚಿ ತಲೆದೂಗುತ್ತಾ ಸ್ಟೇರಿಂಗ್ ಮೇಲೆ ತಾಳ ಹಾಕತೊಡಗಿದಾಗ ಓಮ್ನಿಯೂ ಸ್ವಲ್ಪ ತಲೆದೂಗಿತು.

ಪುಟ್ಟಕ್ಕ ಹಾಡು ನಿಲ್ಲಿಸಲಿಲ್ಲ. ಎರಡು ಸಾಲಿನ ನಡುವೆ ಉಸಿರು ತೆಗೆದುಕೊಳ್ಳುವಾಗ, "ಶ್ರುತಿ ಬುಟ್ರೂ ಚಿಂತಿಲ್ಲ ರಿಯಾಜಣ್ಣ, ಸ್ಟೇರಿಂಗ್ ಬುಡಬ್ಯಾಡ" ಎಂದು, ಮುಂದಿನ ಸಾಲು ಎತ್ತಿಕೊಂಡಳು.